ಎಡಗೈಯ ಹಿಡಿತ

ಟೊಲೀಡೊ ಊರಿನ ನಮ್ಮ ಟೆನಿಸ್ ಕ್ಲಬ್ಬಿನ ಮೂಲೆಯಲ್ಲಿ ನನ್ನದೊಂದು ಅಂಗಡಿ. ರಾಕೆಟ್ಟಿಗೆ ತಂತಿ ಕಟ್ಟುವುದು, ಹಿಡಿಗೆ ಹೊಸ ಗ್ರಿಪ್ ಪಟ್ಟಿ ಸುತ್ತುವುದು, ಇಷ್ಟೇ ಕೆಲಸ. ಬಂದವರೆಲ್ಲ ಮೊದಲು ಬಣ್ಣ ಕೇಳುತ್ತಾರೆ. ಬಣ್ಣ ಕಟ್ಟಿಕೊಂಡು ಏನು ಮಾಡ್ತೀರಿ, ಅಂಗೈ ಬೆವರುತ್ತೋ ಇಲ್ವೋ ಅದನ್ನ ಹೇಳಿ ಎಂದು ಗದರುತ್ತೇನೆ. ನನ್ನ ಬಾಯಿಗೆ ಹೆದರಿ ಬೇರೆ ಅಂಗಡಿಗೆ ಹೋದವರೂ ಉಂಟು, ಹೋಗಲಿ ಬಿಡಿ. ಆದರೆ ಅಕ್ಟೋಬರಿನ ಆ ಮಧ್ಯಾಹ್ನ ಒಳಗೆ ಬಂದ ಲೈಲ್, ಕ್ಲಬ್ಬಿನ ಹಳೆಯ ಆಟಗಾರ, ಬಣ್ಣ ಕೇಳಲಿಲ್ಲ. ಅವನ ಕೈಯಲ್ಲಿದ್ದದ್ದು ಅವನ ಹೆಂಡತಿ ಮಾವಿಸ್‌ಳ ರಾಕೆಟ್. ಮಾವಿಸ್ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದಳು.

"ವರ್ನಾ, ಇದರ ಮೇಲೆ ತೆಳ್ಳಗೆ ಒಂದು ಸುತ್ತು ಹಾಕ್ಕೊಡು. ಒಳಗಿನದನ್ನ ಮಾತ್ರ ಮುಟ್ಬೇಡ" ಎಂದ.

ಹಿಡಿ ನೋಡಿದೆ. ಗ್ರಿಪ್ ಅಲ್ಲಲ್ಲಿ ಹರಿದು, ಅಂಚೆಲ್ಲ ಎದ್ದು ನಿಂತಿತ್ತು.

"ಏನಪ್ಪಾ ಇದು, ನಾಯಿ ಜಗಿದ ಚಪ್ಪಲಿ ಥರ ಆಗಿದೆ! ಇದರ ಮೇಲೆ ಸುತ್ತಿದ್ರೆ ಎರಡು ಹೊಡೆತಕ್ಕೆ ಜಾರತ್ತೆ. ಪೂರ್ತಿ ಕಿತ್ತು ಹೊಸದೇ ಹಾಕ್ಬೇಕು."

"ಕೀಳೋ ಮಾತೇ ಆಡ್ಬೇಡ."

ತಿರುಗಿಸಿ ನೋಡಿದರೆ, ಸವೆದಿದ್ದದ್ದು ಎಡಗೈಯವರು ಹಿಡಿಯುವ ಮಗ್ಗುಲು. ಲೈಲ್ ಬಲಗೈ ಆಟಗಾರ. ಎಡಗೈಯವಳು ಮಾವಿಸ್. 

"ಯಾರು ಕಣೋ ಇದರಲ್ಲಿ ಆಡ್ತಿರೋದು?"

"ನಾನೇ. ಹಿಂದಿನ ಗೋಡೆಗೆ ಹೊಡೀತೀನಿ, ಎಡಗೈಲಿ. ನಗ್ಬೇಡ ಕಣೇ. ಜೂನ್‌ವರೆಗೂ ಗ್ಯಾರೇಜಲ್ಲಿ ನೇತುಹಾಕಿದ್ದೆ, ನೋಡೋಕೂ ಆಗ್ತಿರ್ಲಿಲ್ಲ. ಒಂದಿನ ಸುಮ್ನೆ ಹಿಡ್ಕೊಂಡೆ. ಅವಳ ಬೆರಳು ಕೂತಿದ್ದ ಗುಳಿ ಇದೆ ಇದರಲ್ಲಿ. ಅದರೊಳಗೆ ಕೈ ಇಟ್ರೆ ಅವಳ ಕೈ ಹಿಡ್ಕೊಂಡ ಹಾಗಾಗತ್ತೆ. ದೇವರಾಣೆ ವರ್ನಾ, ಅವಳೂ ಹಿಡ್ಕೋತಾಳೆ. ಇದನ್ನ ಕಿತ್ತುಬಿಟ್ರೆ ಅವಳು ಹೋಗ್ಬಿಡ್ತಾಳೆ."

ಅವನ ಎಡ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿದೆ. ಬೊಬ್ಬೆಗಳೆಲ್ಲ ಒಡೆದು ಮಾಂಸ ಕಾಣುತ್ತಿತ್ತು. ಹರಿದ ಗ್ರಿಪ್ ಅಷ್ಟು ಕೆಲಸ ಮಾಡಿತ್ತು.

ನನಗೆ ಗೊತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಮಾವಿಸ್ ರಾಕೆಟ್ ತಂದುಕೊಟ್ಟು, ತಂತಿ ಕಟ್ಟು, ಹಾಗೇ ಗ್ರಿಪ್ಪೂ ಬದಲಾಯಿಸು ಎಂದಿದ್ದಳು. ಬಲಗೈಯವರಿಗೆ ಒಂದು ದಿಕ್ಕಿನಲ್ಲಿ ಸುತ್ತಿದರೆ ಎಡಗೈಯವರಿಗೆ ಅದರ ಉಲ್ಟಾ. ಇಲ್ಲದಿದ್ದರೆ ಅಂಗೈ ಉಜ್ಜಿ ಎರಡೇ ದಿನಕ್ಕೆ ಅಂಚು ಏಳುತ್ತದೆ. ಅವಳ ಹಳೆಯದನ್ನು ಕಿತ್ತು ಬಿಸಾಡಿ, ಹೊಸದನ್ನು ಅದೇ ಉಲ್ಟಾ ದಿಕ್ಕಿನಲ್ಲಿ ಸುತ್ತಿಟ್ಟೆ. ಆ ವಾರವೇ ಆಸ್ಪತ್ರೆ ಸೇರಿದವಳು ಎದ್ದು ಬರಲಿಲ್ಲ. ಮಣ್ಣಾದ ಮೇಲೆ ಅಂಗಡಿಯಿಂದ ರಾಕೆಟ್ ಒಯ್ದವನು ಲೈಲ್. ಈ ಗ್ರಿಪ್ಪನ್ನು ಮಾವಿಸ್ ಒಮ್ಮೆಯೂ ಮುಟ್ಟಿರಲಿಲ್ಲ.

ಹೇಳದೆ ಕಳಿಸಬಹುದಿತ್ತು. ಆದರೆ ಆ ಕೈ ಹಾಗೇ ಕೊಳೆತುಹೋಗಲಿ ಎಂದು ಬಿಡುವುದು ಹೇಗೆ? ಹೇಳಿಬಿಟ್ಟೆ.

"ಸುಳ್ಳು! ಹೊಸದು ಮಾರೋಕೆ ಹೇಳ್ತಿದೀಯ" ಎಂದು ಕೂಗಾಡಿದ.

"ನಿನ್ನ ಮುಖಕ್ಕೆ ಪುಕ್ಕಟೆ ಹಾಕ್ಕೊಡ್ತೀನಿ, ಹೋಗೋ! ಮಾವಿಸ್ ನನಗೇನೂ ಆಗಿರ್ಲಿಲ್ವಾ?" ನಾನೂ ಕೂಗಿದೆ.

ಲೈಲ್ ಸ್ಟೂಲಿನ ಮೇಲೆ ಕುಸಿದ. "ಹಾಗಾದ್ರೆ ಇಷ್ಟು ದಿನ ನಾನು ಹಿಡ್ಕೊಂಡಿದ್ದು ಯಾರ ಕೈನ?"

"ನಿನ್ನದೇ ಕಣೋ" ಎಂದೆ. ಅಷ್ಟು ಕ್ರೂರವಾದ ಮಾತನ್ನು ನಾನು ಯಾರಿಗೂ ಆಡಿರಲಿಲ್ಲ.

ಅವನನ್ನು ನಂಬಿಸಲು ಗುಳಿಗಳ ಮೇಲೆ ಬೆರಳಾಡಿಸಿ ತೋರಿಸಿದೆ. ನಾಲ್ಕು ಗುಳಿ ಅಗಲವಾಗಿದ್ದವು, ಲೈಲ್‌ನ ದಪ್ಪ ಬೆರಳಿನವೇ. ಐದನೆಯದರ ಮೇಲೆ ನನ್ನ ಬೆರಳು ನಿಂತಿತು. ಯಾರು ಹಿಡಿದರೂ ಹೆಬ್ಬೆರಳು ಹಿಡಿಯನ್ನು ಬಳಸಿಕೊಂಡು ಮಡಚುತ್ತದೆ. ಈ ಗುಳಿ ಮಾತ್ರ ಹಿಡಿಯ ಉದ್ದಕ್ಕೆ, ನೆಟ್ಟಗೆ ಮೇಲಕ್ಕೆ ಚಾಚಿತ್ತು. ಸಣ್ಣವಳಿದ್ದಾಗ ಕಾರಿನ ಬಾಗಿಲಿಗೆ ಸಿಕ್ಕಿ ಮಾವಿಸ್‌ಳ ಎಡಗೈ ಹೆಬ್ಬೆರಳು ಮಡಚುವುದೇ ನಿಂತುಹೋಗಿತ್ತು. ಇಡೀ ಕ್ಲಬ್ಬಿನಲ್ಲಿ ಹಾಗೆ ಹಿಡಿಯುತ್ತಿದ್ದವಳು ಅವಳೊಬ್ಬಳೇ.

"ಹಿಡಿ ನೋಡೋಣ" ಎಂದೆ.

ಎಡಗೈಯಲ್ಲಿ ಹಿಡಿದ. ಹೆಬ್ಬೆರಳು ಸೆಟೆದು ನೆಟ್ಟಗೆ ನಿಂತಿತು.

"ಅದನ್ನ ಮಡಚು."

"ಮಡಚೇ ಇದೀನಲ್ಲ" ಎನ್ನುತ್ತ ಕೆಳಗೆ ನೋಡಿದ. ಮಡಚಲು ಹೋದ, ಕುತ್ತಿಗೆಯ ನರ ಉಬ್ಬಿತು, ಬೆರಳು ಮಾತ್ರ ಬಾಗಲಿಲ್ಲ. ಆಚೆ ಕೋರ್ಟಿನಲ್ಲಿ ಯಾರೋ ಸ್ಕೋರ್ ಕೂಗುತ್ತಿದ್ದರು. ನನಗೆ ಓಡಿಹೋಗೋಣ ಎನಿಸಿತು.

ಲೈಲ್‌ನ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಅಂತಹ ನಗುವನ್ನು ಅವನ ಮುಖದಲ್ಲಿ ನಾನು ಏಪ್ರಿಲ್‌ನಿಂದ ಕಂಡಿರಲಿಲ್ಲ.

"ಈಗ ಕಿತ್ತಾಕು ವರ್ನಾ. ಹೊಸದೇ ಹಾಕು, ಕಿತ್ರೂ ಅವಳು ಹೋಗಲ್ಲ, ನಂಗಿನ್ನು ಭಯ ಇಲ್ಲ" ಎಂದ.

ಕೈ ಚಾಚಿದೆ. ಅವನು ಕೊಡಲು ನೋಡಿದ, ಆದರೆ ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಒಂದೊಂದೇ ಬೆರಳನ್ನು ನಾನೇ ಬಿಡಿಸಬೇಕಾಯಿತು. ನಾಲ್ಕು ಬೆರಳೂ ಬೆಚ್ಚಗಿದ್ದವು. ಹೆಬ್ಬೆರಳು ಮಾತ್ರ ತಣ್ಣಗೆ ಕೊರೆಯುತ್ತಿತ್ತು.