ಬೀಳ್ಕೊಡುಗೆಯ ಚೀಸ್ ಉಂಡೆ

ಪಟ್ಟಿಯಲ್ಲಿ ಅಮ್ಮನ ಹೆಸರನ್ನು ಬರೆದದ್ದು ಅಮ್ಮ ಅಲ್ಲ. ಶಾಲೆಯ ಆಫೀಸಿನ ಪ್ಯಾಮ್ ಕೆಸ್ಲರ್ ತಾನೇ ಬರೆದಿದ್ದಳು: ‘ವರ್ಲೀನ್, ಪೀನಟ್ ಬಟರ್ ಚೀಸ್ ಉಂಡೆ.’ ಪಕ್ಕದಲ್ಲೊಂದು ನಗುವ ಮುಖ ಬೇರೆ. ನಮ್ಮೂರಲ್ಲಿ ಯಾರ ಪಾರ್ಟಿ ಇದ್ದರೂ ಯಾರು ಯಾವ ತಿಂಡಿ ತರಬೇಕೆಂದು ಹೀಗೊಂದು ಪಟ್ಟಿ ಗೋಡೆ ಹತ್ತುತ್ತದೆ. ಅದರಲ್ಲಿ ಹೆಸರು ಬಿದ್ದರೆ ಮುಗಿಯಿತು. ಜ್ವರ ಬಂದು ಮಲಗಿದರೂ ಆ ತಿಂಡಿ ಇನ್ನೊಬ್ಬರ ಕೈಯಲ್ಲಾದರೂ ಹೋಗಿ ಮೇಜಿನ ಮೇಲೆ ಕೂರಬೇಕು.

ಪಾರ್ಟಿ ಗಾರ್ಲೆಂಡ್ ಸ್ಟ್ರೌಡ್‌ನದು. ಊರಿನ ಮೂರು ಶಾಲೆಗಳಲ್ಲಿ ಯಾರಿಗೆ ಯಾವ ಕೆಲಸ, ಎಷ್ಟು ಗಂಟೆ ಎನ್ನುವುದೆಲ್ಲ ಇಪ್ಪತ್ತಾರು ವರ್ಷ ಅವನ ಕೈಯಲ್ಲಿತ್ತು. ಈ ಜೂನ್‌ಗೆ ನಿವೃತ್ತಿ. ಕಳೆದ ಆಗಸ್ಟಿನಲ್ಲಿ ಇದೇ ಮನುಷ್ಯ ಶಾಲೆಯ ಅಡುಗೆಮನೆಯ ಹೆಂಗಸರ ಕೆಲಸವನ್ನು, ಅಮ್ಮನದೂ ಸೇರಿ, ವಾರಕ್ಕೆ ಮೂವತ್ತು ಗಂಟೆಯಿಂದ ಇಪ್ಪತ್ತೆಂಟಕ್ಕೆ ಇಳಿಸಿದ್ದ. ಮೂವತ್ತು ತುಂಬದಿದ್ದರೆ ಶಾಲೆ ಆರೋಗ್ಯ ವಿಮೆ ಕೊಡಬೇಕಿಲ್ಲ. ಆ ಎರಡು ಗಂಟೆಯ ಗುಟ್ಟು ಅಷ್ಟೇ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಹನ್ನೊಂದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾಳೆ. ವಿಮೆ ಇಲ್ಲದಿದ್ದರೆ ಅದರ ಪೂರ್ತಿ ಬೆಲೆ ಕೈಯಿಂದಲೇ ಕೊಡಬೇಕು, ಅದು ಅವಳ ಸಂಬಳಕ್ಕೆ ಎಟುಕುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿಟ್ಟ ಎರಡು ವಾರದ ಔಷಧಿ ಮೂರು ವಾರಕ್ಕೂ ಮುಗಿಯುತ್ತಿಲ್ಲ ಎನ್ನುವುದು ಫೆಬ್ರವರಿಯಲ್ಲಿ ನನ್ನ ಕಣ್ಣಿಗೆ ಬಿತ್ತು. ಕೇಳಿದರೆ, “ನಂಗೀಗ ಅಷ್ಟು ಬೇಕಾಗಲ್ಲ ಕಣೇ” ಅಂದಳು. ಸುಳ್ಳು. ಸಂಜೆ ಹೊತ್ತಿಗೆ ಅವಳ ಕಾಲು ಜೋಮು ಹಿಡಿದು, ಕಾರಿನಿಂದ ಇಳಿಯಲು ಬಾಗಿಲು ಹಿಡಿದುಕೊಳ್ಳುತ್ತಿದ್ದಳು.

ಒಂದೇ ದಾರಿ ಇತ್ತು. ಅಡುಗೆಮನೆಯ ಮುಖ್ಯಸ್ಥೆಯೂ ಈ ವರ್ಷವೇ ಬಿಡುತ್ತಿದ್ದಳು. ಆ ಜಾಗಕ್ಕೆ ನಲವತ್ತು ಗಂಟೆ, ಜೊತೆಗೆ ವಿಮೆ. ಅಮ್ಮ ಹತ್ತೊಂಬತ್ತು ವರ್ಷ ಅಲ್ಲೇ ದುಡಿದವಳು, ಅರ್ಜಿ ಹಾಕಿದ್ದಳು. “ನಿನ್ನ ಹೆಸರೇ ಮೇಲಿದೆ ವರ್ಲೀನ್. ಶುಕ್ರವಾರದೊಳಗೆ ಸಹಿ ಹಾಕಿ ಹೋಗ್ತೀನಿ” ಎಂದಿದ್ದ ಸ್ಟ್ರೌಡ್. ಪಾರ್ಟಿಯೂ ಶುಕ್ರವಾರವೇ.

ಗುರುವಾರ ಮಧ್ಯಾಹ್ನ ನಾನು ಟೈರ್ ಅಂಗಡಿಯಿಂದ ಬಂದಾಗ ಅಮ್ಮ ಆಗಲೇ ಶುರುಮಾಡಿದ್ದಳು. ಕ್ರೀಮ್ ಚೀಸು, ಉಪ್ಪಿಲ್ಲದ ಬೆಣ್ಣೆ ಬೆಳಿಗ್ಗೆಯಿಂದ ಹೊರಗಿದ್ದು ಮೆತ್ತಗಾಗಿದ್ದವು. ಪಕ್ಕದಲ್ಲಿ ಶೇಂಗಾ ಅರೆದು ಮಾಡಿದ ಪೀನಟ್ ಬಟರ್ ಡಬ್ಬಿ. ಶಾಲೆಯ ಅಡುಗೆಮನೆಯೊಳಗೆ ಶೇಂಗಾ ಬಿಡುವುದಿಲ್ಲ. ಯಾವ ಮಗುವಿಗೆ ಆಗಿಬರುವುದಿಲ್ಲವೋ ಹೇಳಲಾಗದು. ಅದಕ್ಕೇ ಈ ಉಂಡೆ ಮಾಡಿದ ಮರುದಿನ ಅಮ್ಮ ಕೆಲಸಕ್ಕೆ ಹೋಗುವ ಮುಂಚೆ ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆಯುತ್ತಾಳೆ.

“ಯಾಕಮ್ಮಾ ಮಾಡ್ತಿದ್ದೀಯ?”

“ಪಟ್ಟಿಲಿ ಹೆಸರಿದೆ.”

“ನೀನು ಬರೆದಿದ್ದಾ?”

“ಯಾರು ಬರೆದ್ರೇನು, ಹೆಸರು ನಂದೇ ಅಲ್ವಾ.” ಬೆಣ್ಣೆಯ ಮೇಲೆ ಪೀನಟ್ ಬಟರ್ ಸುರಿದು ಮಿಕ್ಸರ್ ಒತ್ತಿದಳು. ಅದರ ಸದ್ದಿನಲ್ಲಿ ನನ್ನ ಮಾತು ಮುಳುಗಲಿ ಎಂದೇ ಒತ್ತಿದ್ದು. ನಾನು ಗೋಡೆಯಿಂದ ವೈರ್ ಕಿತ್ತೆ.

“ಡಾನೆಲ್!”

“ನಿನ್ನ ಕಾಲು ಸಾಯ್ತಾ ಇದೆ. ಸಾಯಿಸಿದವನಿಗೆ ನೀನು ಸಿಹಿ ಉಂಡೆ ಕಟ್ತಿದ್ದೀಯ. ಅದೂ ನೀನೇ ತಿನ್ನಬಾರದ ಉಂಡೆ.”

“ನಾಳೆ ಸಹಿ ಹಾಕೋನೂ ಅವನೇ.” ಅಮ್ಮ ವೈರನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಚುಚ್ಚಿದಳು. “ಉಂಡೆ ಬರಲಿಲ್ಲ ಅಂದ್ರೆ ಏನನ್ಕೋತಾನೆ? ವರ್ಲೀನ್‌ಗೆ ಸೊಕ್ಕು ಅನ್ಕೋತಾನೆ.”

“ಇರಲಿ. ಒಂದು ಸಲನಾದ್ರೂ ಅನ್ಕೊಳ್ಳಲಿ.”

“ನಿಂಗೆ ಇಪ್ಪತ್ತಮೂರು. ಸೊಕ್ಕು ಮಾಡು, ಟೈರ್ ಅಂಗಡಿ ಬಿಟ್ರೆ ಇನ್ನೊಂದು ಅಂಗಡಿ ಸಿಗತ್ತೆ. ನಂಗೆ ಐವತ್ತೆಂಟು.”

ಪುಡಿ ಸಕ್ಕರೆ ಹಾಕಿದಳು, ಕಂದು ಸಕ್ಕರೆ ಹಾಕಿದಳು, ವೆನಿಲಾ ಹನಿಸಿದಳು. ಆಮೇಲೆ ಎಂದಿನಂತೆ ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. ಅವಳಿಗೆ ಕಾಯಿಲೆ ಬಂದಾಗಿನಿಂದ ರುಚಿ ನೋಡುವ ಕೆಲಸ ನನ್ನದು. ಉಪ್ಪು ಇನ್ನೊಂದು ಚಿಟಿಕೆ, ಸಾಕು, ಹೆಚ್ಚಾಯಿತು ಎಂದು ಹೇಳುವುದು ನಾನು. ಹನ್ನೆರಡು ವರ್ಷದವಳಿದ್ದಾಗಿನಿಂದ ಒಂದು ಉಂಡೆಯೂ ನನ್ನ ನಾಲಿಗೆ ದಾಟದೆ ಮನೆಯಿಂದ ಹೊರಗೆ ಹೋಗಿಲ್ಲ.

ನಾನು ಬಾಯಿ ತೆರೆಯಲಿಲ್ಲ.

“ಬೇಡ ಬಿಡು” ಎಂದು ಅಮ್ಮ ಚಮಚವನ್ನು ಸಿಂಕಿಗೆ ಎಸೆದಳು. ಉಪ್ಪಿನ ಡಬ್ಬಿ ಮುಚ್ಚಿದಳು. ಮಿಶ್ರಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಒಂದೇ ದೊಡ್ಡ ಉಂಡೆ ಮಾಡಿ, ಫ್ರಿಜ್ಜಿನಲ್ಲಿ ಇನ್ಸುಲಿನ್ ಪಕ್ಕದಲ್ಲೇ ಇಟ್ಟಳು.

ಮರುದಿನ ನಾಲ್ಕು ಗಂಟೆಗೆ ಪಾರ್ಟಿ, ಚರ್ಚಿನ ಕೆಳಗಿನ ಹಾಲ್‌ನಲ್ಲಿ. ಅಡುಗೆಮನೆಯ ಹೆಂಗಸರಿಗೆ ಮೂರಕ್ಕೇ ಬರಲು ಹೇಳಿದ್ದರು. “ಹೆಂಗೂ ಬರ್ತೀರಲ್ಲ, ಸ್ವಲ್ಪ ಕಾಫಿ ನೋಡ್ಕೊಂಡ್ಬಿಡಿ” ಎಂದಿದ್ದಳಂತೆ ಪ್ಯಾಮ್. ಹಾಗಾಗಿ ಪಾರ್ಟಿಗೆ ಕರೆಸಿಕೊಂಡವರು ಏಪ್ರನ್ ಕಟ್ಟಿಕೊಂಡು ಬಂದಿದ್ದರು. ಅಮ್ಮನನ್ನು ಕಾರಿನಲ್ಲಿ ಕರೆತಂದ ನಾನೂ ಅಲ್ಲೇ ಉಳಿದೆ. ಓಪಲ್ ಆಂಟಿ, ಅಮ್ಮನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವಳು, ಚರ್ಚಿನ ಅಡುಗೆಮನೆಯಿಂದ ಹಾಲ್‌ಗೆ ತೆರೆಯುವ ಕಿಟಕಿಯ ಶಟರ್ ಎತ್ತಿ ಕಾಫಿ ಲೋಟ ಜೋಡಿಸುತ್ತಿದ್ದಳು.

ಅಮ್ಮ ಅಲ್ಲೇ ಚಾಕೊಲೇಟ್ ಚೂರುಗಳನ್ನು ತಟ್ಟೆಗೆ ಸುರಿದು, ತಣ್ಣಗಿನ ಉಂಡೆಯನ್ನು ಅದರ ಮೇಲೆ ಉರುಳಿಸಿ ಒತ್ತಿದಳು. ಹಚ್ಚಿಕೊಂಡು ತಿನ್ನಲು ಸುತ್ತ ಬಿಸ್ಕತ್ತು, ಸೇಬಿನ ಹೋಳು ಇಟ್ಟಳು. ಎಂದಿನ ಹಸಿರು ಗಾಜಿನ ತಟ್ಟೆ, ಅಡಿಯಲ್ಲಿ ‘ವರ್ಲೀನ್’ ಎಂದು ಬರೆದ ಟೇಪು. ತಟ್ಟೆ ತಪ್ಪದೆ ವಾಪಸ್ ಬರಲಿ ಎಂದು ಎಲ್ಲರೂ ಅಂಟಿಸುವ ಟೇಪು ಅದು.

“ಸಹಿ ಆಯ್ತಂತಾ?” ಎಂದು ಕೇಳಿದಳು ಓಪಲ್ ಆಂಟಿ.

“ಇನ್ನೂ ದಿನ ಮುಗಿದಿಲ್ಲ” ಎಂದಳು ಅಮ್ಮ.

ಐದರ ಹೊತ್ತಿಗೆ ಭಾಷಣಗಳು ಮುಗಿದವು. ಸ್ಟ್ರೌಡ್‌ಗೆ ಮೀನು ಹಿಡಿಯುವ ಗಾಳ ಕೊಟ್ಟರು, ಅವನು ಕಣ್ಣೊರೆಸಿಕೊಂಡ. “ನೀವೆಲ್ಲಾ ನನ್ನ ಮನೆಯವ್ರೇ” ಎಂದ. ಆಮೇಲೆ ಜನ ತಿಂಡಿಯ ಮೇಜಿಗೆ ಮುಗಿಬಿದ್ದರು. ಚೀಸ್ ಉಂಡೆಗೆ ಮೊದಲು ಚಾಕು ಹಾಕಿದವನು ಸ್ಟ್ರೌಡ್. ಬಿಸ್ಕತ್ತಿನ ಮೇಲೆ ಗುಡ್ಡೆ ಹಾಕಿಕೊಂಡು, ಒಬ್ಬ ಹುಡುಗಿಯ ಜೊತೆ ಅಮ್ಮನ ಹತ್ತಿರ ಬಂದ. ನಾನು ಪಕ್ಕದಲ್ಲೇ ಇದ್ದೆ.

“ವರ್ಲೀನ್! ಈ ಉಂಡೆ ಇಲ್ದೆ ನಾನು ರಿಟೈರ್ ಆಗ್ತಾನೇ ಇರ್ಲಿಲ್ಲ ನೋಡು.” ಬಾಯಿ ತುಂಬಿತ್ತು. “ಇವಳು ಬ್ರಿಯಾನಾ. ನನ್ನ ಹೆಂಡ್ತಿ ತಂಗಿ ಮಗಳು. ಆಗಸ್ಟಿಂದ ಅಡುಗೆಮನೆ ಇವಳೇ ನೋಡ್ಕೋತಾಳೆ. ಹೋಟೆಲ್ ಕೋರ್ಸ್ ಮಾಡಿದಾಳೆ. ಎಲ್ಲಿ ಏನಿದೆ ಅಂತ ನೀನು ಸ್ವಲ್ಪ ತೋರಿಸ್ಕೊಡ್ಬೇಕು.”

ಹುಡುಗಿ ಕೈ ಚಾಚಿದಳು. “ನೀವೇ ಎಲ್ಲಾ ಹೇಳ್ಕೊಡ್ತೀರಾ ಅಂದ್ರು ಅಂಕಲ್.”

“ಸಹಿ ಹಾಕಿದ್ರಾ ಸರ್?” ಎಂದಳು ಅಮ್ಮ.

“ಬೆಳಿಗ್ಗೇನೇ. ಬೇಜಾರ್ ಮಾಡ್ಕೋಬೇಡ, ನಿಂಗೂ ವಯಸ್ಸಾಯ್ತು. ನಲವತ್ತು ಗಂಟೆ ನಿನ್ ಕೈಲಿ ಆಗಲ್ಲ ಅಂತ ಯೋಚಿಸ್ದೆ. ಆ ಕಾಲು ಬೇರೆ.” ಬೆರಳಿಗಂಟಿದ ಚಾಕೊಲೇಟನ್ನು ನೆಕ್ಕಿದ.

ಆ ಕಾಲು ಬೇರೆ! ನಾನು ಮೇಜಿಗೆ ಹೋಗಿ ತಟ್ಟೆಗೆ ಕೈ ಹಾಕಿದೆ. ನೆಲಕ್ಕೆ ಕುಕ್ಕುವುದು ನನ್ನ ಉದ್ದೇಶವಾಗಿತ್ತು. ಸುಳ್ಳು ಹೇಳುವುದಿಲ್ಲ, ಅವನ ಮುಖದ ಕಡೆಗೂ ಒಮ್ಮೆ ನೋಡಿದ್ದೆ. ಅಷ್ಟರಲ್ಲಿ ಅಮ್ಮ ನನ್ನ ಹಿಂದೆ ಇದ್ದಳು.

“ಕೈ ತೆಗಿ.”

“ಅಮ್ಮಾ…”

“ಕೈ ತೆಗಿ ಅಂದೆ. ತಟ್ಟೆ ನಂದು.”

ನಾನು ಕೈ ತೆಗೆದೆ. ಅಮ್ಮ ಎರಡೂ ಕೈಯಲ್ಲಿ ತಟ್ಟೆ ಎತ್ತಿದಳು. ಚಾಕು ಇನ್ನೂ ಉಂಡೆಯಲ್ಲೇ ಚುಚ್ಚಿಕೊಂಡಿತ್ತು. ಬಿಸ್ಕತ್ತು ಹಿಡಿದು ಸಾಲಿನಲ್ಲಿದ್ದ ಕನ್ನಡಕದ ಮೇಷ್ಟರೊಬ್ಬರು ಕೈ ಚಾಚಿದವರು ಹಾಗೇ ನಿಂತರು. ತಂದ ತಟ್ಟೆಯನ್ನು ಖಾಲಿಯಾಗುವ ಮುಂಚೆ, ಜನ ಎದುರಿಗೇ ನಿಂತಿರುವಾಗ ವಾಪಸ್ ಎತ್ತಿಕೊಂಡು ಹೋಗುವುದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಡೈವೋರ್ಸ್ ಆದವರು ಕೂಡ ಮಾಜಿ ಗಂಡನ ಮದುವೆಗೆ ತಂದ ಆಲೂಗಡ್ಡೆ ಸಲಾಡನ್ನು ಬಿಟ್ಟೇ ಹೋಗುತ್ತಾರೆ. ಅಮ್ಮ ಕುಂಟುತ್ತಾ, ನಿಧಾನವಾಗಿ, ಉದ್ದಕ್ಕೂ ನಡೆದು ಅಡುಗೆಮನೆ ಸೇರಿದಳು. ತಟ್ಟೆಯನ್ನು ಓಪಲ್ ಆಂಟಿ ಮತ್ತು ಉಳಿದ ಹೆಂಗಸರ ಮುಂದೆ ಇಟ್ಟಳು.

“ತಿನ್ನಿ. ನಿಮಗೇ ಮಾಡಿದ್ದು ಅನ್ಕೊಳ್ಳಿ.”

ಪ್ಯಾಮ್ ಕಿಟಕಿಗೆ ಓಡಿ ಬಂದಳು, ಮುಖದಲ್ಲಿ ಅದೇ ನಗು. “ವರ್ಲೀನ್, ಚಿನ್ನಾ, ತಟ್ಟೆ ತಪ್ಪಿ ಒಳಗೆ ಬಂತಾ?”

“ಇಲ್ಲ ಪ್ಯಾಮ್. ತಪ್ಪಿ ಹೊರಗೆ ಹೋಗಿತ್ತು.”

“ಸ್ಟ್ರೌಡ್ ಸರ್ ಇನ್ನೊಂಚೂರು ಬೇಕು ಅಂತಿದ್ರು…”

ಅವಳ ಹಿಂದೆ ಸ್ಟ್ರೌಡ್ ಕಾಗದದ ತಟ್ಟೆ ಹಿಡಿದು ನಿಂತಿದ್ದ. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಮಕ್ಕಳು ಊಟಕ್ಕೆ ನಿಲ್ಲುತ್ತಿದ್ದ ಹಾಗೆ, ಕಿಟಕಿಯ ಆಚೆ. ಅಮ್ಮ ಅವನನ್ನು ನೋಡಿದಳು.

“ಇಪ್ಪತ್ತೆಂಟು ಗಂಟೆ ಆಯ್ತು ಸರ್. ಇನ್ನು ಮುಚ್ಚೋ ಹೊತ್ತು.”

ಶಟರ್ ಎಳೆದಳು. ಅದು ಕಬ್ಬಿಣದ್ದು, ಎಣ್ಣೆ ಕಾಣದೆ ವರ್ಷವಾಗಿತ್ತು. ಕಟಕಟನೆ ಇಳಿದು ಕಟ್ಟೆಗೆ ಬಡಿಯಿತು. ಆಚೆ ಪ್ಯಾಮ್ ಏನೋ ಕೂಗಿದಳು, ಯಾರೋ ನಕ್ಕರು, ಯಾರೋ ಬೈದರು.

ಅಮ್ಮ ಸ್ಟೂಲಿನ ಮೇಲೆ ಕೂತಳು. ವಿಮೆ ಸಿಗಲಿಲ್ಲ, ಸಿಗುವ ದಾರಿಯೂ ಮುಚ್ಚಿತು. ಸೋಮವಾರದಿಂದ ಏನು ಮಾಡಬೇಕು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಓಪಲ್ ಆಂಟಿ ಸ್ಟ್ರೌಡ್ ಕೊಯ್ದ ಭಾಗವನ್ನು ಚಾಕುವಿನಿಂದ ಕೆರೆದು ಕಸದ ಬುಟ್ಟಿಗೆ ಹಾಕಿದಳು. ಇನ್ನೊಂದು ಕಡೆಯಿಂದ ಬಿಸ್ಕತ್ತಿಗೆ ಹಚ್ಚಿಕೊಂಡು ಅಗಿದಳು. ಮುಖ ಕಿವುಚಿದಳು.

“ಉಪ್ಪು ಕಮ್ಮಿ ಕಣೇ ವರ್ಲೀನ್.”

ಅಮ್ಮ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಶೆಲ್ಫಿನಿಂದ ಉಪ್ಪಿನ ಡಬ್ಬಿ ತೆಗೆದು ಅವರ ಮುಂದೆ ಇಟ್ಟೆ.