ಜಗಳ ಬಿಟ್ಟ ಊರು

ದೋನ್ ಎವೆನೋರ್ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಕ್ಷೌರಿಕ ಬಾಯಾರ್ಡೊ ಕೈಚಾಚಿ ರೇಡಿಯೊ ಆರಿಸಿದ. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿಕೊಂಡರು. ಒಬ್ಬ ಗಾಳಿಯ ವಿಷಯ ಎತ್ತಿದ. ದಿರಿಯಾಂಬದಲ್ಲಿ ಫೆಬ್ರವರಿ ತಿಂಗಳು ಗಾಳಿ ಬೀಸುವುದು ಯಾರಿಗೂ ಹೊಸದಲ್ಲ. ಆದರೂ ಎಲ್ಲರೂ, ಹೌದೌದು, ಈ ಸಲ ಗಾಳಿ ಜಾಸ್ತಿ, ಎಂದು ತಲೆಯಾಡಿಸಿದರು.

ಎವೆನೋರ್ ಬೆಂಚಿನ ತುದಿಯಲ್ಲಿ ಕೂತು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಅದು ಮಸಾಯದ ಬೇಸ್‌ಬಾಲ್ ತಂಡದ ಕೆಂಪು ಟೋಪಿ. ಈ ಅಂಗಡಿಯಲ್ಲಿ ಆ ಟೋಪಿಗೆ ಎಷ್ಟೊಂದು ಹೆಸರುಗಳಿದ್ದವು. ಹುಂಜದ ಜುಟ್ಟು ಅಂದಿದ್ದರು, ಹರಕು ಬುಟ್ಟಿ ಅಂದಿದ್ದರು. ಇವತ್ತು ಬೇಕೆಂದೇ ಒಗೆದು ಹಾಕಿಕೊಂಡು ಬಂದಿದ್ದ. ಯಾರೂ ಅದರ ಕಡೆ ಕಣ್ಣೆತ್ತಲಿಲ್ಲ.

ಸ್ವಲ್ಪ ಹೊತ್ತು ಕಾದು ಅವನೇ ಶುರು ಮಾಡಿದ. "ಏನು ಲೆಯೋನ್ಸಿಯೊ, ಭಾನುವಾರ ನಿಮ್ಮ ಹುಡುಗರು ತೊಂಬತ್ತು ನಿಮಿಷ ಓಡಿ ಸೊನ್ನೆ ಸೊನ್ನೆ ಮಾಡ್ಕೊಂಡು ಬಂದ್ರಂತೆ. ಕತ್ತೆ ಮೇಯಿಸೋಕೆ ಹೋದೋನೂ ಸಂಜೆಗೆ ಕತ್ತೇನಾದ್ರೂ ಹೊಡ್ಕೊಂಡು ಬರ್ತಾನಪ್ಪ."

ಲೆಯೋನ್ಸಿಯೊ ಬಸ್ ಓಡಿಸಿ ನಿವೃತ್ತನಾದವನು. ಊರಿನ ಫುಟ್‌ಬಾಲ್ ತಂಡದ ಮೇಲೆ ಯಾರಾದರೂ ಒಂದು ಮಾತಾಡಿದರೆ, ಬಸ್ಸನ್ನು ಸೇತುವೆಯ ಮೇಲೇ ನಿಲ್ಲಿಸಿ, ಹಿಂದೆ ತಿರುಗಿ ಕೂತು ಉತ್ತರ ಕೊಡುತ್ತಿದ್ದವನು. ಅವನ ಕತ್ತಿನ ನರ ಉಬ್ಬಿದ್ದನ್ನು ಕಂಡು ಎವೆನೋರ್‌ನ ಎದೆ ಹಗುರಾಯಿತು. ಬಾಯಾರ್ಡೊನ ಕತ್ತರಿ ನಿಂತಿತು. ಕನ್ನಡಿಯೊಳಗಿಂದ ಅವನು ಲೆಯೋನ್ಸಿಯೊನನ್ನು ದುರುಗುಟ್ಟಿ ನೋಡಿದ.

ಲೆಯೋನ್ಸಿಯೊ ಕೈ ಕಟ್ಟಿಕೊಂಡ. "ನೀವು ಹೇಳೋದೂ ಒಂಥರಾ ಸರೀನೇ, ದೋನ್ ಎವೆನೋರ್. ಇರ್ಲಿ ಬಿಡಿ. ಊಟ ಗೀಟ ಸರಿಯಾಗಿ ಮಾಡ್ತಿದ್ದೀರಾ?"

ಕೆನ್ನೆಗೆ ಬಾರಿಸಿದ್ದರೂ ಎವೆನೋರ್‌ಗೆ ಅಷ್ಟು ನೋವಾಗುತ್ತಿರಲಿಲ್ಲ.

ನಿಕರಾಗುವದ ಬೇರೆ ಯಾವ ಊರಿಗಾದರೂ ಹೋಗಿ, ಮಕ್ಕಳು ಕೋಲನ್ನೇ ದಾಂಡು ಮಾಡಿಕೊಂಡು ಬೇಸ್‌ಬಾಲ್ ಆಡುತ್ತಿರುತ್ತಾರೆ. ದಿರಿಯಾಂಬ ಮಾತ್ರ ಮೊದಲಿಂದಲೂ ಫುಟ್‌ಬಾಲಿಗೆ ಒಲಿದ ಊರು. ಹೊಟ್ಟೆಯಲ್ಲಿ ಕೂಸು ಒದ್ದರೆ ಇಲ್ಲಿನ ಅಜ್ಜಿಯರು ಯಾವ ಕಾಲಲ್ಲಿ ಒದೆಯಿತು ಎಂದು ಕೇಳುತ್ತಾರೆ. ಇಂಥ ಊರಿಗೆ ಎವೆನೋರ್ ಮಸಾಯದಿಂದ ನೂಲಿನಲ್ಲಿ ಹೆಣೆದ ತೂಗುಮಂಚ ಮಾರಲು ಬಂದಿದ್ದ. ಚೌಕದಲ್ಲಿ ಹಗ್ಗ ಕಟ್ಟಿ ಮಂಚಗಳನ್ನು ನೇತುಹಾಕಿದ್ದಾಗ, ಊರಿನ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟ ಹುಡುಗಿಯೊಬ್ಬಳು ಬಂದು ಅವನ ಟೋಪಿಯನ್ನು ನೋಡಿ ನಕ್ಕಳು. "ಓಹೋ, ಬೇಸ್‌ಬಾಲಿನವರು. ಅದಕ್ಕೇ ಮಂಚ ಮಾರ್ತೀರಿ. ನಿಮ್ಮ ಆಟ ನೋಡೋಕೆ ಮಲಗೋ ಜಾಗ ಬೇಕಲ್ಲ." ಅವಳು ಇಸೊಲಿನಾ. ಮದುವೆಯಾಗಲು ಒಪ್ಪಿದಳು, ಆದರೆ ಊರು ಬಿಡೆನು, ತಂಡ ಬಿಡೆನು ಎಂದಳು. ಹಾಗಾಗಿ ಅವನೇ ಬಂದ.

ಮಕ್ಕಳಾಗಲಿಲ್ಲ. ಮನೆ ತುಂಬ ಜಗಳವಿತ್ತು. ಅವನು ಮಸಾಯದ ಆಟವನ್ನು ರೇಡಿಯೊದಲ್ಲಿ ಹಚ್ಚಿ ಕೂತರೆ ಅವಳು ಒಲೆಯ ಮುಂದಿನಿಂದಲೇ ಮಾತಿನ ಕಲ್ಲು ಬೀರುತ್ತಿದ್ದಳು.

"ಹೊರಟ ಜಾಗಕ್ಕೇ ವಾಪಸ್ ಬರೋಕೆ ಅಷ್ಟು ಓಡ್ಬೇಕಾ? ಅಲ್ಲೇ ನಿಂತಿದ್ರೆ ಆಗ್ತಿತ್ತಲ್ಲ."

"ನಮ್ಮ ಆಟಕ್ಕೆ ಗಡಿಯಾರ ಇಲ್ಲ ಕಣೇ. ಕೊನೇ ಮನುಷ್ಯ ಔಟಾಗೋವರೆಗೂ ಸೋತ್ರು ಅನ್ನೋ ಹಾಗಿಲ್ಲ. ನಿಮ್ಮೋರು ಎರಡು ಗೋಲು ಹೊಡೆದ್ರು ಅಂದ್ರೆ ಆಮೇಲೆ ಕಾಲು ನೋವು ಬಂದೋರ ಹಾಗೆ ನೆಲದ ಮೇಲೆ ಉರುಳ್ತಾರೆ, ಹೊತ್ತು ಕಳೆಯೋಕೆ."

"ಉರುಳೋಕಾದ್ರೂ ಮೈ ಬಗ್ಗಬೇಕು. ನಿಮ್ಮೋರ ಹೊಟ್ಟೆ ನೋಡಿದ್ರೆ ಎಂಟನೇ ತಿಂಗಳು."

ಆಮೇಲೆ ಅರ್ಧ ಗಂಟೆಗೊಮ್ಮೆ, ಅಕ್ಕಿ ಬೆಂದಿತೇ ಎಂದು ನೋಡುವವಳ ದನಿಯಲ್ಲಿ, "ಇನ್ನೂ ಮುಗೀಲಿಲ್ವಾ?" ಎಂದು ಕೇಳುತ್ತಿದ್ದಳು. "ಇನ್ನೂ ಇಲ್ಲ" ಎನ್ನುತ್ತಿದ್ದ ಇವನು.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ಇಸೊಲಿನಾ ತೀರಿಕೊಂಡಳು. ಬಾಗಿಲ ಮೇಲೆ ಕಪ್ಪು ಪಟ್ಟಿ ಕಟ್ಟಿದರು. ಆ ಬೀದಿಯ ಹಳೆಯ ರೂಢಿಯಂತೆ ರೇಡಿಯೊದ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ವರ್ಷದ ಪ್ರಾರ್ಥನೆ ಮುಗಿಯುವ ತನಕ ಆ ಬಟ್ಟೆ ತೆಗೆಯುವ ಹಾಗಿಲ್ಲ. ಸಾವಾದ ಮನೆಯವನ ಎದುರು ತಮಾಷೆ ಬೇಡ, ಆಟದ ಮಾತು ಬೇಡ, ಎಂದು ಬಾಯಾರ್ಡೊ ಅಂಗಡಿಗೆ ಬಂದವರಿಗೆಲ್ಲ ಹೇಳಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದನ್ನು ಊರಿಗೆ ಊರೇ ಅಷ್ಟು ನಿಷ್ಠೆಯಿಂದ ಪಾಲಿಸುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ರೊಟ್ಟಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲೆಲ್ಲಿ ಎವೆನೋರ್‌ನ ಕಾಲೆಳೆಯುತ್ತಿದ್ದರೋ ಅಲ್ಲೆಲ್ಲ ಜನ ಈಗ ಅವನ ಭುಜ ಮುಟ್ಟುತ್ತಿದ್ದರು. ಮನೆಯಲ್ಲಿ ಒಂದು ಮೌನ, ಹೊರಗೆ ಬಂದರೆ ಇನ್ನೊಂದು.

ಮಸಾಯದಲ್ಲಿ ಅಣ್ಣನ ಮಗ ಯಾಡೆರ್ ಇದ್ದ. "ಬಂದ್ಬಿಡಿ ಚಿಕ್ಕಪ್ಪ. ಒಂದು ಕೋಣೆ ಖಾಲಿ ಇದೆ. ಅಂಗಳದಲ್ಲಿ ಕೂತ್ರೆ ಮೈದಾನದಲ್ಲಿ ಚೆಂಡಿಗೆ ದಾಂಡು ತಾಗೋ ಸದ್ದು ಕೇಳುತ್ತೆ" ಎಂದು ಕರೆಯುತ್ತಿದ್ದ. ಎವೆನೋರ್ ಒಂದು ಶನಿವಾರ ಹೋಗಿ ನೋಡಿದ. ಸದ್ದು ಕೇಳಿಸಿತು, ಸುಳ್ಳಲ್ಲ. ಸಂಜೆ ಬಾದಾಮಿ ಮರದ ಕೆಳಗೆ ನಾಲ್ಕಾರು ಜನ ಕುರ್ಚಿ ಹಾಕಿಕೊಂಡು ಕೂತರು. ಎವೆನೋರ್‌ಗೆ ಹುರುಪು ಬಂತು.

"ಫುಟ್‌ಬಾಲ್ ಅನ್ನೋದು ಒಂದು ಆಟಾನೇ ಅಲ್ಲ" ಎಂದ.

"ಅಲ್ವೇ ಅಲ್ಲ" ಎಂದರು ಎಲ್ಲರೂ.

"ಗಡಿಯಾರಕ್ಕೆ ಹೆದರಿಕೊಂಡು ಆಡೋ ಆಟ."

"ಸರಿಯಾಗಿ ಹೇಳಿದ್ರಿ."

ಮುಂದೆ ಹೇಳಲು ಏನೂ ಉಳಿಯಲಿಲ್ಲ. ದಿರಿಯಾಂಬದಲ್ಲಿ ಒಂದು ಆಯುಷ್ಯಕ್ಕೆ ಸಾಕಾದ ವಾದ ಮಸಾಯದಲ್ಲಿ ಒಂದು ಲೋಟ ಪಿನೋಲಿಯೊ ಕುಡಿಯುವುದರೊಳಗೆ ಮುಗಿದುಹೋಯಿತು. ಅವರು ಕಾಳಿನ ಬೆಲೆಯ ಕಡೆ ತಿರುಗಿದರು. ಈಸ್ಟರ್ ವಾರದೊಳಗೆ ಹೇಳುತ್ತೇನೆ ಎಂದು ಯಾಡೆರ್‌ಗೆ ಮಾತು ಕೊಟ್ಟು ಎವೆನೋರ್ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಲೆಕ್ಕ: ಅಲ್ಲಿ ಜಗಳಕ್ಕೆ ಜನವಿಲ್ಲ, ಇಲ್ಲಿ ಜನರಿದ್ದೂ ಜಗಳವಿಲ್ಲ. ಎಲ್ಲಿದ್ದರೂ ಒಂದೇ ಅಂದಮೇಲೆ, ಅಲ್ಲಿ ಅನ್ನ ಹಾಕುವವರಾದರೂ ಇದ್ದಾರೆ. ದಿರಿಯಾಂಬದ ಗಡಿಯಾರದ ಗೋಪುರ ಕಂಡಾಗ ತನಗೆ ತಾನೇ ಅಂದುಕೊಂಡ: ಈ ಊರಲ್ಲಿ ಒಬ್ಬರು, ಒಬ್ಬರೇ ಒಬ್ಬರು ನನ್ನನ್ನು ಮೊದಲಿನ ಹಾಗೆ ಬೈದರೆ ಹೋಗುವುದಿಲ್ಲ.

ಅದಕ್ಕೆ ಭಾನುವಾರ ಫುಟ್‌ಬಾಲ್ ಮೈದಾನಕ್ಕೆ ಹೊರಟ.

ಅಲ್ಲಿಯವರೆಗೆ ಅವನು ಆ ಗೇಟು ದಾಟಿರಲಿಲ್ಲ. ಅದೊಂದು ಹಟ. ಪ್ರತಿ ಆಟಕ್ಕೂ ಇಸೊಲಿನಾಳನ್ನು ಗೇಟಿನ ತನಕ ಬಿಟ್ಟು, ಹೊರಗೆ ಗಾಡಿಯಲ್ಲಿ ಕೂತು ಬೇಸ್‌ಬಾಲ್ ಕೇಳುತ್ತಿದ್ದ. ಒಳಗಿನ ಕೂಗಿನಿಂದಲೇ ಗೆದ್ದರೋ ಸೋತರೋ ತಿಳಿಯುತ್ತಿತ್ತು. ಅವಳು ಹೊರಗೆ ಬರುವಾಗ ಯಾವ ಮುಖ ಹೊತ್ತು ಬರುತ್ತಾಳೆಂದು ಮೊದಲೇ ಗೊತ್ತಿರುತ್ತಿತ್ತು. ಇವತ್ತು ಕೆಂಪು ಟೋಪಿ ಹಾಕಿಕೊಂಡು, ಟಿಕೆಟ್ ಹರಿಸಿಕೊಂಡು ಒಳಗೆ ಹೋದ. ಸಿಮೆಂಟಿನ ಮೆಟ್ಟಿಲುಗಳ ಮೇಲೆ ಊರು ಕೂತಿತ್ತು. ಮೂರನೇ ಸಾಲಿನಲ್ಲಿ, ಕಂಬದ ನೆರಳು ಬೀಳುವ ಕಡೆ, ಪಕ್ಕದ ಮನೆಯ ದೋನ್ಯಾ ಚೆಪಾ ಕೂತಿದ್ದಳು. ಜೋಳದ ರೊಟ್ಟಿ ತಟ್ಟಿ ಮಾರುವ ಗಟ್ಟಿ ಹೆಂಗಸು, ಇಸೊಲಿನಾಳ ಗೆಳತಿ. ಅವಳ ಮಗ್ಗುಲಲ್ಲಿ ಒಬ್ಬರ ಜಾಗ ಖಾಲಿ ಇತ್ತು. ಅಲ್ಲಿ ಮಡಿಸಿದ ಒಂದು ಟವೆಲು. ಎವೆನೋರ್ ಟವೆಲಿನ ಮೇಲೆಯೇ ಕೂತ. ಚೆಪಾ ತಿರುಗಿ ನೋಡಿದಳು.

ಅವನು ಆಟ ನೋಡುತ್ತ ಬಾಯಿಗೆ ಬಂದದ್ದು ಅಂದ. "ಆ ಗೋಲ್‌ಕೀಪರ್ ನಿಂತಿರೋದು ನೋಡಿ, ಬಸ್ಸಿಗೆ ಕಾಯ್ತಿರೋನ ಹಾಗೆ." ಹಿಂದಿನ ಸಾಲಿನವರು ನಿಟ್ಟುಸಿರು ಬಿಟ್ಟರು. "ಇಪ್ಪತ್ತೆರಡು ಜನಕ್ಕೆ ಒಂದೇ ಚೆಂಡು ಕೊಟ್ರೆ ಇನ್ನೇನಾಗುತ್ತೆ." ಯಾರೋ ಅವನಿಗೆ ಹುರಿದ ಬಾಳೆಕಾಯಿ ಕೊಟ್ಟರು. ದ್ವಿತೀಯಾರ್ಧದಲ್ಲಿ ಉತ್ತರದಿಂದ ಬಂದ ಎದುರಾಳಿ ತಂಡ ಗೋಲು ಹೊಡೆಯಿತು. ಮೈದಾನಕ್ಕೆ ಮೈದಾನವೇ ಸ್ತಬ್ಧವಾಯಿತು. ಎವೆನೋರ್ ಎದ್ದು ನಿಂತು, ಟೋಪಿ ತೆಗೆದು ಬೀಸಿ, ಚಪ್ಪಾಳೆ ಹೊಡೆದ.

ಬೇರೆ ಯಾರಾದರೂ ಆಗಿದ್ದರೆ ಮೂಳೆ ಉಳಿಯುತ್ತಿರಲಿಲ್ಲ. ಲೆಯೋನ್ಸಿಯೊ ಮೇಲಿನ ಸಾಲಿನಿಂದ ಬಗ್ಗಿ ಮೆಲ್ಲಗೆ ಅವನ ಬೆನ್ನು ಸವರಿದ. "ಪಾಪ, ದುಃಖ ಮನುಷ್ಯನ್ನ ಹೀಗೆ ಮಾಡುತ್ತೆ" ಎಂದು ಯಾರೋ ಪಿಸುಗುಟ್ಟಿದರು.

ಆಗ ಚೆಪಾ ಎದ್ದಳು.

"ದುಃಖವೂ ಇಲ್ಲ, ಮಣ್ಣೂ ಇಲ್ಲ. ಕೊಬ್ಬು. ಸರೀರಿ ಅಲ್ಲಿಂದ."

"ದೋನ್ಯಾ ಚೆಪಾ, ಸಾವಾದ ಮನೆಯೋರು" ಎಂದು ಹಿಂದಿನ ಸಾಲಿನಲ್ಲಿದ್ದ ಬಾಯಾರ್ಡೊ ಅವಳ ಕೈ ಹಿಡಿಯಲು ಹೋದ.

"ನೀನು ಬಾಯ್ಮುಚ್ಚು, ನಿನ್ನಿಂದಲೇ ಆಗಿದ್ದು ಇದೆಲ್ಲ. ಸಾವು ಇವರೊಬ್ಬರ ಮನೇಲಾಯ್ತಾ? ನನ್ನ ಪಕ್ಕದಲ್ಲಿ ಯಾರು ಕೂತಿದ್ರು ಇಲ್ಲಿ?" ಎವೆನೋರ್ ಕಡೆ ತಿರುಗಿದಳು. "ಜೀವಮಾನ ಪೂರ್ತಿ ಕರೆದ್ಲು ನಿಮ್ಮನ್ನ. ಬಾ, ಒಂದ್ಸಲ ಒಳಗೆ ಬಾ ಅಂತ. ಗೇಟಿನ ಹೊರಗೆ ಕೂತ್ಕೊಂಡು ಆ ಉಗುಳೋ ಆಟ ಕೇಳ್ತಿದ್ರಿ. ಈಗ ಬಂದಿದ್ದೀರಿ. ಬಂದು ಅವಳ ಜಾಗದಲ್ಲಿ ಕೂತು ಎದುರಿನೋರಿಗೆ ಚಪ್ಪಾಳೆ. ಒಬ್ಬ ದಾಂಡು ಹಿಡ್ಕೊಂಡು ನಿಲ್ಲೋದು, ಎಂಟು ಜನ ದೂರದಲ್ಲಿ ನಿಂತು ಅಂಡು ಕೆರ್ಕೊಳ್ಳೋದು, ಅದನ್ನ ಆಟ ಅನ್ನೋ ಜನ ನೀವು. ನಿಮಗೇನು ಗೊತ್ತು ಜೊತೇಲಿ ಕೂರೋದು ಅಂದ್ರೆ?"

ಎವೆನೋರ್ ಬಾಯಿ ತೆರೆದ. ಇದಕ್ಕಾಗಿಯೇ ಎರಡು ತಿಂಗಳು ಕಾದಿದ್ದ. ಆದರೆ ಎಲ್ಲ ಉತ್ತರಗಳೂ ಒಲೆಯ ಕಡೆ ಮುಖ ಮಾಡಿ ಹೇಳಿ ಅಭ್ಯಾಸವಾದವು. ಇಲ್ಲಿ, ಬಿಸಿಲಲ್ಲಿ, ಅವು ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ಬಾಯಲ್ಲೇ ಉಳಿದವು. ಕೆಳಗೆ ಆಟ ನಡೆದೇ ಇತ್ತು, ಯಾರೂ ನೋಡುತ್ತಿರಲಿಲ್ಲ.

"ಹೇಳಿ ದೋನ್ ಎವೆನೋರ್" ಎಂದ ಲೆಯೋನ್ಸಿಯೊ ಹಿಂದಿನಿಂದ, ಪಾಠ ಮರೆತ ಮಗುವಿಗೆ ಹೇಳಿಕೊಡುವವನ ಹಾಗೆ. "ಅದೇ, ಗಡಿಯಾರದ್ದು. ನಮ್ಮ ಆಟಕ್ಕೆ ಗಡಿಯಾರ ಇಲ್ಲ ಅಂತೀರಲ್ಲ."

"ಕೊನೇ ಮನುಷ್ಯ ಔಟಾಗೋವರೆಗೆ" ಎಂದು ಬಾಯಾರ್ಡೊ ಸೇರಿಸಿದ.

"ಕಾಲು ನೋವಿನೋರು ನೆಲದ ಮೇಲೆ ಉರುಳೋದು, ಅದನ್ನೂ ಹೇಳ್ತಿದ್ರು" ಎಂದಿತು ಇನ್ನೊಂದು ದನಿ.

ಎಲ್ಲರಿಗೂ ಬಾಯಿಪಾಠವಾಗಿತ್ತು. ಅವನು ಸುತ್ತ ನೋಡಿದ. ಕೊನೆಗೆ ಯಾರೂ ಹೇಳಿಕೊಡದ ಮಾತೊಂದು ಬಂತು. "ನಾನು ಒಳಗೆ ಬರ್ಲಿಲ್ಲ, ಸರಿ. ಅವಳು ಒಂದ್ಸಲ ಮಸಾಯಕ್ಕೆ ಬಂದಿದ್ಲು, ಬೇಸ್‌ಬಾಲ್ ನೋಡೋಕೆ. ಮೂರನೇ ಇನ್ನಿಂಗ್ಸಿಗೆ ನನ್ನ ಭುಜದ ಮೇಲೆ ತಲೆ ಇಟ್ಟು ಗೊರಕೆ."

"ಗೊತ್ತು" ಎಂದಳು ಚೆಪಾ. ಅವಳ ಮೂಗು ಕೆಂಪಾಗಿತ್ತು. "ಅಂಥ ನಿದ್ದೆ ಜನ್ಮದಲ್ಲೇ ಬಂದಿರ್ಲಿಲ್ಲ ಅಂತಿದ್ಲು. ನಿಮ್ಮ ಆಟದಿಂದ ಆಗಿದ್ದು ಅದೊಂದೇ ಉಪಕಾರ."

ಮೇಲಿನ ಸಾಲಿನಲ್ಲಿ ಯಾರೋ ತಡೆಯಲಾರದೆ ನಕ್ಕರು. ಆಮೇಲೆ ಉಳಿದವರೂ. ಚೆಪಾ ಅವನು ಕೂತಿದ್ದ ಕಡೆಯಿಂದ ಟವೆಲು ಎಳೆದುಕೊಂಡು ಮುಖ ಒರೆಸಿಕೊಂಡಳು. "ಕೂತ್ಕೊಳ್ಳಿ ಹೋಗ್ಲಿ. ಆ ಟೋಪಿ ಮಾತ್ರ ಒಳಗಿಡಿ, ಹೋರಿ ನೋಡಿದ್ರೆ ಹಾಯುತ್ತೆ." ಊರಿನ ತಂಡ ಸೋತಿತು. ಸೋತದ್ದು ಆ ಟೋಪಿಯಿಂದಲೇ ಎಂದು ಗೇಟಿನ ತನಕ ಎಲ್ಲರೂ ಅವನನ್ನು ಬೈದರು.

ಮನೆಯ ಬಾಗಿಲಲ್ಲಿ ಚೆಪಾ ಅಂದಳು: "ಆ ರೇಡಿಯೊ ಮೇಲಿನ ಬಟ್ಟೆ ತೆಗೀರಿ. ಬೀದಿಯೋರು ಏನಂದ್ರೂ ನಾನು ನೋಡ್ಕೋತೀನಿ. ಇಸೊಲಿನಾ ಆಗಿದ್ರೆ, ಬೈಯೋಕೆ ಏನಾದ್ರೂ ಬೇಕಲ್ಲ ಅಂತ ತಾನೇ ಹಚ್ತಿದ್ಲು." ಉತ್ತರಕ್ಕೆ ಕಾಯದೆ ತನ್ನ ಬಾಗಿಲು ಹಾಕಿಕೊಂಡಳು.

ಎವೆನೋರ್ ಒಳಗೆ ಹೋದ. ಇಲ್ಲೇ ಇರುತ್ತೇನೆ ಎಂದು ಯಾಡೆರ್‌ಗೆ ನಾಳೆ ಹೇಳಿದರಾಯಿತು. ನಾಳೆ ಕ್ಷೌರದಂಗಡಿ ಇದೆ, ಲೆಯೋನ್ಸಿಯೊ ಇದ್ದಾನೆ, ಟೋಪಿಗೆ ಹೊಸ ಹೆಸರು ಇಡುತ್ತಾರೆ. ಆದರೆ ನಾಳೆಗೆ ಮುಂಚೆ ಈ ಸಂಜೆ ಇತ್ತು. ಅವನು ಕಪ್ಪು ಬಟ್ಟೆ ತೆಗೆದು, ಮಡಿಸಿ, ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನಿಗೆ ಹಾಕಿದ. ಅಕ್ಕಿ ತೊಳೆದು ಒಲೆಯ ಮೇಲಿಟ್ಟ. ರೇಡಿಯೊ ಹಚ್ಚಿದ.

ಮಸಾಯದಲ್ಲಿ ಆಟ ನಡೆಯುತ್ತಿತ್ತು. ಎಸೆತ ಎಸೆತದ ನಡುವೆ ವಿವರಣೆಕಾರ ಕೊಡುವ ಆ ಬಿಡುವು ಇಷ್ಟು ಉದ್ದ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಯಾವಾಗಲೂ ಅವಳ ಮಾತು ತುಂಬಿರುತ್ತಿತ್ತು. ಒಂಬತ್ತನೇ ಇನ್ನಿಂಗ್ಸಿಗೆ ಎರಡೂ ತಂಡ ಸಮವಾದವು. ಒಂಬತ್ತಕ್ಕೆ ಮುಗಿಯಬೇಕಿದ್ದ ಆಟ ಹತ್ತನೆಯದಕ್ಕೆ ಹೋಯಿತು. ಅಕ್ಕಿ ತಳ ಹಿಡಿಯುವ ವಾಸನೆ ಬಂತು. ಅವನು ಎದ್ದು ಉರಿ ಸಣ್ಣಗೆ ಮಾಡಿ, ಅವಳು ನಿಲ್ಲುತ್ತಿದ್ದ ಕಡೆಯೇ ನಿಂತು, ಇಲ್ಲಿಗೆ ರೇಡಿಯೊ ಎಷ್ಟು ಕೇಳುತ್ತದೆ ಎಂದು ಕಿವಿಗೊಟ್ಟ. ಎಲ್ಲ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಇನ್ನೂ ಇಲ್ಲ" ಎಂದ, ಯಾರೂ ಕೇಳದಿದ್ದರೂ.