ಹೋಗೋರು ಒಬ್ಬರು, ಬರೋರು ಇಬ್ಬರು

"ಹೋಗೋರು ಒಬ್ರು, ಬರೋರು ಇಬ್ರು. ಇದರಾಗ ತಿಳೀಲಾರದ್ದು ಏನೈತಿ?"

ಮುರುಗೆಪ್ಪ ಮೂರನೆಯ ಸಲ ಹೇಳಿದ. ಈ ಸಲ ಮೇಜು ಗುದ್ದಿಯೇ ಹೇಳಿದ. ಅವನ ಅಂಗಿಯ ತೋಳಿನಿಂದ ಹಿಟ್ಟು ಉದುರಿ ಫಾರೂಕನ ಕೀಬೋರ್ಡಿನ ಮೇಲೆ ಬಿತ್ತು.

ಫಾರೂಕ ಕೀಬೋರ್ಡನ್ನು ಬೋರಲು ಹಾಕಿ ಕೊಡವಿದ. "ನನಗ ತಿಳದೈತ್ರಿ ಕಾಕಾ. ಕಂಪ್ಯೂಟರಿಗೆ ತಿಳೀವಲ್ದು. ಹೋಗಿ ಬರೋ ಟಿಕೀಟು ಅಂದ್ರ ಹೋದಷ್ಟ ಮಂದಿ ವಾಪಸ್ ಬರಬೇಕು. ಒಬ್ರು ಹೋಗಿ ಇಬ್ರಾಗಿ ಬರೂದು ಲಗ್ನದಾಗ ಅಷ್ಟ."

"ನಿನ್ನ ಬಾಯಿ ಭಾಳ ಆತು."

"ತಪ್ಪಾತ್ರಿ. ಹಿಂಗ ಮಾಡೂಣು. ನಿಮ್ಮದು ಹೋಗಿ ಬರೂದು ಬ್ಯಾರೆ ತಗಿಯೂಣು. ನಿಮ್ಮ ತಂಗಿ ಅಕ್ಕಾರದು ಬರೇ ಬರೂದು ಬ್ಯಾರೆ ತಗಿಯೂಣು. ಎರಡೂ ಒಂದ ವಿಮಾನಕ್ಕ. ಆತಿಲ್ಲೋ?"

ಧಾರವಾಡದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಫಾರೂಕನ ಅಂಗಡಿ. ಉಮ್ರಾ ಯಾತ್ರೆಗೆ ಹೋಗುವವರಿಗೆ ಟಿಕೆಟ್ ತೆಗೆಸುವುದು ಅವನ ಮುಖ್ಯ ಕೆಲಸ. ಉಳಿದ ದಿನ ರೈಲು, ಆಧಾರ್ ತಿದ್ದುಪಡಿ, ಝೆರಾಕ್ಸ್. ಅವನ ತಾಯಿ ಹಾಜರಾಬಿ ಇಪ್ಪತ್ತು ವರ್ಷಗಳಿಂದ ಲಕಮನಹಳ್ಳಿಯ ಮುರುಗೆಪ್ಪನ ಗಿರಣಿಯಲ್ಲೇ ಖಾರ ಕುಟ್ಟಿಸುತ್ತಾಳೆ. ಆ ಗುರುತಿನ ಮೇಲೆ ಮುರುಗೆಪ್ಪ ಇಲ್ಲಿಗೆ ಬಂದಿದ್ದ. ಬಂದು ಮೂರು ದಿನವಾಗಿತ್ತು. ದಿನಾ ಮಧ್ಯಾಹ್ನ ಗಿರಣಿಗೆ ಬೀಗ ಹಾಕಿ ಬರುವುದು, ಬೆಂಗಳೂರಿನಿಂದ ಮಾಲ್ಡೀವ್ಸಿಗೆ ಎಷ್ಟು ಎಂದು ಕೇಳುವುದು, ಬೈದು ಎದ್ದು ಹೋಗುವುದು. ಸೋಮವಾರ ಹನ್ನೊಂದು ಸಾವಿರ ಇತ್ತು.

"ಎಷ್ಟ ತಾಸಿನ ದಾರಿ?" ಎಂದು ಕೇಳಿದ್ದ ಮುರುಗೆಪ್ಪ.

"ಎರಡ ತಾಸು."

"ಎರಡ ತಾಸಿಗೆ ಹನ್ನೊಂದ ಸಾವಿರ? ಎರಡ ತಾಸಿನ್ಯಾಗ ನಾ ಬಸ್ಸಿನ್ಯಾಗ ಬೆಳಗಾವಿ ಮುಟ್ಟತೇನಿ."

"ನಡುವ ಸಮುದ್ರ ಐತ್ರಿ ಕಾಕಾ. ಬಸ್ಸು ಮುಳಗತೈತಿ."

ಇವತ್ತು ಬುಧವಾರ. ರೇಟು ಬಿದ್ದಿತ್ತು. ನಾಗರ ಪಂಚಮಿಗೆ ಆರು ದಿನ ಮುಂಚೆ ಹೋಗುವುದು, ಎರಡು ದಿನ ಮುಂಚೆ ಬರುವುದು, ಒಂದೊಂದಕ್ಕೆ ಆರು ಸಾವಿರದ ನಾಲ್ಕುನೂರು. ವಾಪಸ್ ಬರುವ ವಿಮಾನದಲ್ಲಿ ಈ ರೇಟಿಗೆ ಇನ್ನು ಎರಡೇ ಸೀಟು ಎಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂದಿತ್ತು. ಫಾರೂಕ ಖುಷಿಯಿಂದ ಕೈ ಉಜ್ಜಿಕೊಂಡ. ಇಂಥ ರೇಟು ತನ್ನ ಸ್ವಂತದವರಿಗೂ ಸಿಕ್ಕಿರಲಿಲ್ಲ ಎಂದ. ಮುರುಗೆಪ್ಪನ ಹೊಸ ಪಾಸ್‌ಪೋರ್ಟ್ ತೆರೆದು ಹೆಸರು, ನಂಬರು ಹೊಡೆದ. ಪಾಸ್‌ಪೋರ್ಟಿನ ಫೋಟೋದಲ್ಲಿ ಮುರುಗೆಪ್ಪ ಫೋಟೋ ತೆಗೆದವನನ್ನೇ ಹೊಡೆಯಲು ಹೊರಟವನ ಹಾಗಿದ್ದ.

"ಈಗ ಅಕ್ಕಾರ ಹೆಸರು ಹೇಳ್ರಿ."

"ದಾಕ್ಷಾಯಿಣಿ."

"ಇಂಗ್ಲೀಷಿನ್ಯಾಗ ಹೆಂಗ ಬರೀತಾರ್ರಿ? ಪಾಸ್‌ಪೋರ್ಟಿನ್ಯಾಗ ಇದ್ದಂಗ ಬೇಕು. ಒಂದ ಅಕ್ಷರ ಹೆಚ್ಚುಕಡಿಮಿ ಆದ್ರೂ ಅಲ್ಲೇ ನಿಂದ್ರಸತಾರ."

"ಸಾಲ್ಯಾಗ ಹೆಸರ ಹಚ್ಚಿದಾಂವ ನಾನು. ಕನ್ನಡದಾಗ ದಾಕ್ಷಾಯಿಣಿ. ಇಂಗ್ಲೀಷಿನ್ಯಾಗ ನನಗೇನ ಗೊತ್ತು? ಹುಟ್ಟಿದ ತಾರೀಖ ಬೇಕಾರ ಬರಕೋ, ಜೂನ್ ಒಂದು."

ಫಾರೂಕ ನಕ್ಕ. "ನಿಮ್ಮದೂ ಜೂನ್ ಒಂದ ಐತಲ್ರಿ ಇದರಾಗ. ನಮ್ಮ ಅಬ್ಬಾಂದೂ ಜೂನ್ ಒಂದ. ನಮ್ಮ ಕಡೆ ಉಳಿದ ತಿಂಗಳದಾಗ ಯಾರೂ ಹುಟ್ಟೇ ಇಲ್ಲ. ಅಕ್ಕಾರಿಗೆ ಒಂದ ಫೋನ್ ಹಚ್ಚರಿ, ಪಾಸ್‌ಪೋರ್ಟಿನ ಫೋಟೋ ಕಳಸಲಿ. ಎರಡ ಮಿನಿಟಿನ ಕೆಲಸ."

ಮುರುಗೆಪ್ಪ ಕುಳಿತಲ್ಲೇ ಕುಳಿತ. ಅಂಗಿಯ ಕಿಸೆಯಲ್ಲಿ ಫೋನಿತ್ತು. ಅದರ ಕಡೆ ಕೈ ಹೋಗಲಿಲ್ಲ.

"ಕರಿಯಾಕ ಹೋಗಾಂವ ಕೇಳಿ ಹೋಗತಾನನು?" ಎಂದ ಕೊನೆಗೆ. "ಬಾಗಲದಾಗ ಹೋಗಿ ನಿಂದ್ರೂದು. ಆಕಿ ಗಂಟ ಕಟ್ಟೂದು. ನಮ್ಮಲ್ಲಿ ಹಂಗ."

"ಅದು ಖರೇರಿ. ಆದ್ರ ಹೆಸರ ಇಲ್ದ ಸೀಟ ಕೊಡೂದಿಲ್ಲಲ್ರಿ."

ಮುರುಗೆಪ್ಪನ ಸಿಟ್ಟು ಲಕಮನಹಳ್ಳಿಗೆಲ್ಲ ಗೊತ್ತು. ಹಸಿ ಜೋಳ ತಂದವರ ಚೀಲವನ್ನು ರಸ್ತೆಗೆ ಇಡುತ್ತಾನೆ. ಸರದಿ ತಪ್ಪಿಸಿದವರನ್ನು ಅವರ ಅತ್ತೆ ಮಾವಂದಿರ ಎದುರಿಗೇ ಬೈಯುತ್ತಾನೆ. ಜನ ಬೈಸಿಕೊಂಡು ಮತ್ತೆ ಅಲ್ಲಿಗೇ ಬರುತ್ತಾರೆ, ಅವನ ಹಿಟ್ಟು ಅಷ್ಟು ಸಣ್ಣ. ತಂಗಿ ಮಾತ್ರ ಹಾಗೆ ಮತ್ತೆ ಬರಲಿಲ್ಲ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಬಿಟ್ಟು ಬಂದವಳು ದಾಕ್ಷಾಯಿಣಿ. ಮುರುಗೆಪ್ಪನೇ ಓದಿಸಿದ. ಬಿ.ಎಡ್. ಮುಗಿಸಿ ವಿದ್ಯಾನಗರದ ಒಂದು ಸಾಲೆಯಲ್ಲಿ ಗಣಿತ ಕಲಿಸಿದಳು. ಆಮೇಲೆ ಮಾಲ್ಡೀವ್ಸಿನ ಯಾವುದೋ ಒಂದು ದ್ವೀಪದ ಸಾಲೆಗೆ ಟೀಚರಾಗಿ ಹೋದಳು. ವರ್ಷಕ್ಕೊಮ್ಮೆ ರಜೆಗೆ ತಾನಾಗಿಯೇ ಬರುತ್ತಿದ್ದಳು. ಅವ್ವ ಇದ್ದಾಗ ಕರೆಯುವುದೇನೂ ಬೇಕಿರಲಿಲ್ಲ.

ಅವ್ವ ಸತ್ತದ್ದು ಕೊರೋನಾದ ಎರಡನೆಯ ವರ್ಷ, ಮೇ ತಿಂಗಳಲ್ಲಿ. ವಿಮಾನಗಳು ನಿಂತಿದ್ದವು. ನಾಲ್ಕು ಮಂದಿ ಅವಸರದಲ್ಲಿ ಮಣ್ಣು ಮಾಡಿ ಬಂದರು. ಮುರುಗೆಪ್ಪನ ಹೆಂಡತಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು, ಮಕ್ಕಳಿಲ್ಲ. ಅವನು ಬಂದು ಬರಿಯ ಮನೆಯಲ್ಲಿ ಕುಳಿತ. ತಂಗಿಯ ಫೋನು ಬಂತು. ವಿಮಾನ ನಿಂತದ್ದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅಂದ: ಅವ್ವನ ಮಣ್ಣಿಗೆ ಬರದಾಕಿ ಇನ್ನ ಈ ಮನಿ ಹೊಸ್ತಿಲಾ ತುಳೀಬ್ಯಾಡ. ಆ ಕಡೆ ಫೋನು ಮೆಲ್ಲಗೆ ಇಟ್ಟ ಸದ್ದಾಯಿತು. ಐದು ವರ್ಷವಾಯಿತು. ಅವಳಿಗೆ ಇದ್ದದ್ದು ಅದೊಂದೇ ಹೊಸ್ತಿಲು ಎಂಬುದು ಅವನಿಗೆ ಹೊಳೆದದ್ದು ಬಹಳ ತಡವಾಗಿ. ವಾಟ್ಸಾಪಿನಲ್ಲಿ ಅವಳ ಹೆಸರಿನ ಮೇಲೊಂದು ಚಿತ್ರವಿದೆ, ಬರೀ ನೀಲಿ ನೀರು, ಮನುಷ್ಯರಿಲ್ಲ. ಅದನ್ನು ಆಗಾಗ ತೆರೆದು ನೋಡಿ ಮುಚ್ಚುತ್ತಾನೆ.

ಹೋದ ತಿಂಗಳು ಓಣಿಯ ಸತ್ಯವ್ವ ಪುಟಾಣಿ ಕಡಲೆ ಬೀಸಿಸಲು ಬಂದಿದ್ದಳು. ಪಂಚಮಿಗೆ ತವರಿಗೆ ಹೋಗಬೇಕು, ಒಯ್ಯಲು ಉಂಡಿ ಕಟ್ಟಬೇಕು, ಆದರೆ ಅಣ್ಣನ ಕಾಲಿಗೆ ಪೆಟ್ಟಾಗಿದೆ, ಬರುತ್ತಾನೋ ಇಲ್ಲವೋ ಎಂದು ಗೊಣಗುತ್ತಿದ್ದಳು.

"ನಿಮಗ ಬಸ್ ಫುಕಟ್ ಐತಲ್ಲ," ಅಂದಿದ್ದ ಮುರುಗೆಪ್ಪ. "ಆಧಾರ್ ಕಾರ್ಡ್ ತೋರಿಸಿ ಹತ್ತಿ ಹೋಗು. ಅಣ್ಣ ಯಾಕ ಬೇಕು?"

ಸತ್ಯವ್ವ ಅವನನ್ನು ಬುದ್ಧಿಯಿಲ್ಲದವನ ಹಾಗೆ ನೋಡಿದಳು. "ಬಸ್ ಫುಕಟ್ ಆದ್ರ ಏನಾತ್ರಿ? ಕರೀಲಾರದ ಹೋಗಾಕ ಅದೇನ ಬಜಾರ ಏನ್ರಿ? ಅಂವ ಕುಂಟಕೋತ ಬರಲಿ. ಬಂದು ನಡಿ ಅನ್ನಬೇಕು. ಆಮ್ಯಾಲ ನಾ ಹೋಗಾಕಿ."

"ನಿನ್ನ ಹಿಟ್ಟು ತಗೊಂಡ ನಡಿ ಮೊದಲ," ಎಂದು ಗದರಿ ಕಳಿಸಿದ್ದ. ಮರುದಿನವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದ.

"ಕಾಕಾ," ಎಂದ ಫಾರೂಕ, "ಎರಡ ಸೀಟು ಇನ್ನೂ ಅದಾವ. ಸಂಜಿ ಮುಂದ ಇರತಾವ ಅಂತ ನಾ ಹೇಳೂದಿಲ್ಲ."

ಮುರುಗೆಪ್ಪ ಫೋನು ತೆಗೆದ. ನೀಲಿ ನೀರಿನ ಚಿತ್ರ ಒತ್ತಿದ. ಕಿವಿಗಿಟ್ಟುಕೊಂಡ. ಎರಡು ರಿಂಗಿಗೇ ಆ ಕಡೆ ಎತ್ತಿದರು. ಹಲೋ ಅನ್ನಲಿಲ್ಲ.

"ಯಾರು ಹೋದ್ರಣ್ಣಾ?" ಎಂದಿತು ತಂಗಿಯ ದನಿ.

"ಯಾರೂ ಹೋಗಿಲ್ಲ," ಎಂದ. "ಹೋಗಾಕ ಉಳದಾಂವ ನಾ ಒಬ್ಬನ."

"ಮತ್ತ?"

"ನಿನ್ನ ಹೆಸರು ಇಂಗ್ಲೀಷಿನ್ಯಾಗ ಹೆಂಗ ಬರೀತಿ?"

"ಏನಂದಿ?"

"ಪಾಸ್‌ಪೋರ್ಟಿನ್ಯಾಗ. ಅಕ್ಷರ ಹೇಳು. ಟಿಕೀಟ ತಗಸಾಕತ್ತೇನಿ. ಪಂಚಮಿಗೆ ಕರಿಯಾಕ ಬರತೇನಿ ನಿನ್ನ."

ಆ ಕಡೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಯಾರೋ ಬಾಗಿಲು ಮುಚ್ಚಿದರು, ಗದ್ದಲ ಕಡಿಮೆಯಾಯಿತು. ಫಾರೂಕ ಎದ್ದು ಝೆರಾಕ್ಸ್ ಯಂತ್ರದ ಹತ್ತಿರ ಹೋಗಿ ಸುಮ್ಮನೆ ಅದರ ಮುಚ್ಚಳ ಒರೆಸತೊಡಗಿದ.

"ಹೊಸ್ತಿಲಾ ತುಳೀಬ್ಯಾಡ ಅಂದಿದ್ದಿ," ಎಂದಳು ದಾಕ್ಷಾಯಿಣಿ.

"ಅಂದಿದ್ದೆ. ಸಿಟ್ಟಿನ್ಯಾಗ ಅಂದೆ."

"ನೀ ಸಿಟ್ಟಿನ್ಯಾಗ ಅಂದಿ. ನಾ ಸಿಟ್ಟಿನ್ಯಾಗ ಕೇಳಿಲ್ಲಲ್ಲ." ದನಿಯಲ್ಲಿ ಏರಿಳಿತವಿರಲಿಲ್ಲ, ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ ಹೇಳಿದಳು. "ಆವಾಗ ಕೊರೋನಾ ಅಂತ ಹದಿನಾಕ ದಿನಾ ಒಂದ ಖೋಲ್ಯಾಗ ಕುಂಡ್ರಸಿದ್ರು ನನ್ನ. ಊಟದ ಡಬ್ಬಿ ಬಾಗಲದಾಗ ಇಟ್ಟು ಹೋಗತಿದ್ರು. ಅವ್ವ ಸತ್ತಾಳ ಅಂತ ಹೇಳಾಕ ಒಂದ ನರಪಿಳ್ಳೆ ಇದ್ದಿದ್ದಿಲ್ಲ. ಗ್ವಾಡಿಗೆ ಹೇಳೇನಿ. ನೀ ಕೇಳಿಲ್ಲ, ಉಂಡೀ ಏನು ಅಂತ."

ಮುರುಗೆಪ್ಪನ ಹತ್ತಿರ ಬೈಗುಳ ಇದ್ದವು, ಬೇರೆ ಮಾತು ಇರಲಿಲ್ಲ.

"ಈಗ ಬರಾಕತ್ತೇನಲ್ಲ," ಎಂದ. "ನಿನ್ನ ಟಿಕೀಟೂ ತಗಸತೇನಿ. ಎಂಟ ದಿನಾ ರಜಾ ಕೇಳು."

"ಇಲ್ಲಿ ಪಂಚಮಿಗೆ ರಜಾ ಇಲ್ಲ."

"ಕೇಳಿದ್ರ ಕೊಡೂದಿಲ್ಲನು?"

"ಕೇಳಿದ್ರ ಕೊಡತಾರ. ನಾ ಕೇಳೂದಿಲ್ಲಣ್ಣಾ."

ಮುರುಗೆಪ್ಪನ ಕಿವಿ ಕಾದವು. ಕರೆಯಲು ಹೋದವನು ಒಬ್ಬನೇ ವಾಪಸ್ ಬಂದರೆ ಓಣಿಯಲ್ಲಿ ಏನನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಐದು ವರ್ಷದ ಹಿಂದಿನಂಥದೇ ಒಂದು ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಅವನು ಅಂದೂಬಿಡುತ್ತಿದ್ದ. ಆದರೆ ಆ ಕಡೆ ತಂಗಿ ಕೆಮ್ಮಿದಳು. ಅವ್ವ ಕೆಮ್ಮುತ್ತಿದ್ದ ಹಾಗೆಯೇ, ಎರಡು ಸಲ ಸಣ್ಣಗೆ, ಒಂದು ಸಲ ಜೋರಾಗಿ. ಅವನು ತುಟಿ ಕಚ್ಚಿ ಹಿಡಿದ.

"ಅದೀಯೇನು?" ಎಂದಳು.

"ಅದೇನಿ."

"ನೀ ಬಾ. ಬಂದು ನಾಕ ದಿನಾ ಇದ್ದು ಹೋಗು. ನನ್ನ ಕ್ವಾರ್ಟರ್ಸಿಗೆ ಹೊಸ್ತಿಲಾನ ಇಲ್ಲ, ತುಳದಿ ಅನ್ನಾಕ. ಬರೇ ಫರಸಿ ನೆಲ."

ಅದು ಚುಚ್ಚು ಮಾತೋ ಕರೆಯೋ ಅವನಿಗೆ ತಿಳಿಯಲಿಲ್ಲ. "ಹೂಂ," ಎಂದ.

"ಜ್ವಾಳದ ಹಿಟ್ಟು ತಗೊಂಬಾ. ಇಲ್ಲಿ ಸಿಗೂದಿಲ್ಲ. ಬಿಸಿನೀರಿಗೆ ಜಿಗಿ ಬರೋವಂಥಾದ್ದು ತಾ, ಹಳೇದು ತರಬ್ಯಾಡ. ನನಗ ಗಂಟಿ ಆತು, ಕ್ಲಾಸ್ ಐತಿ." ಸ್ವಲ್ಪ ತಡೆದಳು. "ಇಡತೇನಿ."

ಫೋನು ಕಟ್ ಆಯಿತು. ಮುರುಗೆಪ್ಪ ಅದನ್ನು ಇನ್ನೂ ಕಿವಿಗೇ ಹಿಡಿದುಕೊಂಡಿದ್ದ. ಫಾರೂಕ ಬಂದು ತನ್ನ ಕುರ್ಚಿಯಲ್ಲಿ ಕುಳಿತ, ಪರದೆ ನೋಡಿದ, ಅವನ ಮುಖ ನೋಡಲಿಲ್ಲ.

"ಹೆಸರಿನ ಅಕ್ಷರ ಹೇಳಿದ್ರೇನ್ರಿ?"

"ಬ್ಯಾಡ," ಎಂದ ಮುರುಗೆಪ್ಪ. "ಹೋಗೂದೊಂದು, ಬರೂದೊಂದು. ಅಷ್ಟ ತಗಿ."

ಕೀಲಿಗಳು ಟಕಟಕ ಎಂದವು. ಈಗ ಕಂಪ್ಯೂಟರಿಗೆ ಎಲ್ಲ ಸರಿಯಾಗಿ ತಿಳಿಯುತ್ತಿತ್ತು, ಎಲ್ಲಿಯೂ ತಡವರಿಸಲಿಲ್ಲ.

"ಗಂಟು ಎಷ್ಟ ಒಯ್ಯಾಕ ಬಿಡತಾರ?"

"ಹದಿನೈದ ಕಿಲೋರಿ."

"ಹಿಟ್ಟು ಎಷ್ಟ ಒಯ್ಯಬಹುದು ಅದರಾಗ?"

"ಹದಿನೈದೂ ಹಿಟ್ಟ ಒಯ್ಯರಿ, ಅರಿವಿ ಇಲ್ದ ಹೋಗಾವ್ರಿದ್ರ."

ಮುರುಗೆಪ್ಪನ ಮೀಸೆ ಸ್ವಲ್ಪ ಅಲುಗಿತು. ಹನ್ನೆರಡು ಹಿಟ್ಟು, ಮೂರು ಅರಿವೆ ಎಂದು ಮನಸ್ಸಿನಲ್ಲೇ ತೂಗಿದ.

"ಕಡೀದೊಂದ ಐತ್ರಿ ಕಾಕಾ. ಇಲ್ಲೆ ನಿಮ್ಮವರದೊಂದ ನಂಬರ್ ಕೇಳತೈತಿ. ಹೋದಲ್ಲಿ ನಿಮಗ ಏನರೆ ಆದ್ರ ಮನಿಯವರಿಗೆ ತಿಳಸಾಕ."

"ದಾಕ್ಷಾಯಿಣಿದು ಹಾಕು."

"ಅವರು ಅಲ್ಲೇ ಇರತಾರಲ್ರಿ. ಇಲ್ಲೆ ಊರಾಗ ಇದ್ದವರದು ಬೇಕು."

ಮುರುಗೆಪ್ಪ ಫೋನು ತೆರೆದು ಹೆಸರುಗಳ ಮೇಲೆ ಹೆಬ್ಬೆರಳು ಎಳೆಯುತ್ತ ಹೋದ. ಕರೆಂಟ್ ಆಫೀಸ್. ಗಿರಣಿ ಬೆಲ್ಟ್. ಗ್ಯಾಸ್. ಮೋಟಾರ್ ರಿಪೇರಿ, ಹೊಸಾದು. ಮೋಟಾರ್ ರಿಪೇರಿ, ಹಳೇದು. ಸತ್ಯವ್ವ. ಕೆಳಗಿನ ತನಕ ಹೋಗಿ ಮತ್ತೆ ಮೇಲಕ್ಕೆ ಬಂದ. ಫಾರೂಕ ಕಾಯುತ್ತಿದ್ದ. ಹೊರಗೆ ನವಲಗುಂದದ ಬಸ್ಸಿನವನು ಊರಿನ ಹೆಸರು ಕೂಗುತ್ತಿದ್ದ.

"ನಿನ್ನ ನಂಬರ ಹಾಕು," ಎಂದ ಫೋನಿನಿಂದ ಕಣ್ಣೆತ್ತದೆ.

ಫಾರೂಕ ತನ್ನ ನಂಬರು ಹೊಡೆದ. ಅದರ ಕೆಳಗೆ ಇನ್ನೊಂದು ಖಾನೆ ತೆರೆಯಿತು.

"ಸಂಬಂಧ ಏನು ಅಂತ ಕೇಳತೈತ್ರಿ."

ಮುರುಗೆಪ್ಪ ಫೋನನ್ನು ಕಿಸೆಗೆ ಹಾಕಿಕೊಂಡ. ಫಾರೂಕ ಒಂದು ಕ್ಷಣ ಪರದೆಯನ್ನೇ ನೋಡುತ್ತ ಕುಳಿತು, ಆಮೇಲೆ ತಾನೇ 'ಮಗ' ಎಂದು ಹೊಡೆದು ಮುಂದಕ್ಕೆ ಒತ್ತಿದ. ಮೂಲೆಯ ಪ್ರಿಂಟರು ಗುರುಗುಟ್ಟಿ ಹಾಳೆ ಎಳೆದುಕೊಂಡಿತು. ಮುರುಗೆಪ್ಪ ಎದ್ದು, ಎರಡೂ ಅಂಗೈಗಳನ್ನು ಧೋತರಕ್ಕೆ ಚೆನ್ನಾಗಿ ಒರೆಸಿಕೊಂಡು, ಕಾಗದ ಮೆಲ್ಲಗೆ ಹೊರಬರುವುದನ್ನು ನೋಡುತ್ತ ಅದರ ಮುಂದೆ ನಿಂತ.